ನಿಧಾನವೇ ಪ್ರಧಾನ: ಪುಟ್ಟ ವಿಮಾನದ ಎಂಜಿನ್ ಕಲಿತ ಪಾಠ

ಬೆಂಗಳೂರಿನ ಹೊರವಲಯದ ಒಂದು ಬಯಲು. ಭಾನುವಾರದ ಬೆಳಗು. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ನೆಲದ ಮೇಲೆ ಮಂಡಿಯೂರಿ ಕುಳಿತು, ತಾನೇ ಕಟ್ಟಿದ ಬಾಲ್ಸಾ ಮರದ ವಿಮಾನವನ್ನು ಹಾರಿಸಲು ಹೆಣಗುತ್ತಿದ್ದ. ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಪೂರ್ಣ ವೇಗದಲ್ಲಿ ಕಿವಿಗಡಚಿಕ್ಕುವಂತೆ ಅರಚುತ್ತಿತ್ತು. ವೇಗ ಇಳಿಸಿದರೆ ಗುಟುರು ಹಾಕುತ್ತ ಓಡುತ್ತಲೂ ಇತ್ತು. ಆದರೆ ಮತ್ತೆ ವೇಗ ಏರಿಸಲು ಕಡ್ಡಿಯನ್ನು ಮುಂದಕ್ಕೆ ತಳ್ಳಿದೊಡನೆ ಗುಳುಗುಳು ಸದ್ದು, ಒಂದಿಷ್ಟು ಬಿಳಿ ಹೊಗೆ, ಆಮೇಲೆ ಮೌನ. ನಾಲ್ಕು ಸಲ ಹೀಗೇ ಆಯಿತು.

ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು. ಹಿಂದೆ ಎನ್‌ಸಿಸಿ ವಾಯುದಳದ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸಿದವರು. 'ಪ್ಲಗ್ ಬದಲಾಯಿಸಿದೆ ಸರ್, ಆದರೂ ನಿಂತು ಹೋಗ್ತಿದೆ' ಎಂದ ಹುಡುಗ. ಅವರು ಎಂಜಿನ್ ಮತ್ತೆ ಚಾಲೂ ಮಾಡಿಸಿ, ವೇಗ ಇಳಿಸಿ, ಪ್ರೊಪೆಲರ್‌ನ ಹಿಂದಿನಿಂದ ಕೈ ಚಾಚಿ ಇಂಧನದ ರಬ್ಬರ್ ಕೊಳವೆಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದರು. ಎಂಜಿನ್ ನಿಲ್ಲಲಿಲ್ಲ. ಬದಲಿಗೆ ಚುರುಕಾಯಿತು! ಇನ್ನೂ ಚುರುಕಾಯಿತು. ಕೆಲವು ಕ್ಷಣಗಳ ಬಳಿಕ ನಿಂತಿತು.

'ಹೊಟ್ಟೆ ತುಂಬಿದವನಿಗೆ ಮತ್ತೆ ಮತ್ತೆ ಬಡಿಸ್ತಾ ಇದ್ದೀಯಲ್ಲಪ್ಪಾ' ಎಂದರು ಅವರು. ಕಾರ್ಬುರೇಟರ್‌ನ ಬದಿಯಲ್ಲಿದ್ದ ಸಣ್ಣ ಸ್ಕ್ರೂವನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ತಿರುಗಿಸಿದರು.

ಹೀಗೆ ಬೆರಳಿನಲ್ಲಿ ನಾಡಿ ಹಿಡಿದು ನೋಡುವ ಈ ವೈದ್ಯದ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಹಾರುವುದನ್ನು ಕಲಿತ ಯಂತ್ರಕ್ಕೆ ನಿಧಾನವಾಗಿ ಹಾರುವುದನ್ನು ಕಲಿಸಲು ಮನುಷ್ಯ ಪಟ್ಟ ಪಾಡಿನ ಇತಿಹಾಸ ಅದು.

ಒಂದೇ ವೇಗದ ಕಾಲ

ಮಾದರಿ ವಿಮಾನ ಎಂದರೆ ಮಕ್ಕಳ ಆಟಿಕೆ ಎಂದು ಅನೇಕರ ಭಾವನೆ. ವಾಸ್ತವವಾಗಿ ಮನುಷ್ಯರನ್ನು ಹೊತ್ತ ವಿಮಾನಕ್ಕಿಂತ ಮಾದರಿ ವಿಮಾನವೇ ಹಿರಿಯದು. 1848ರಲ್ಲಿ ಇಂಗ್ಲೆಂಡಿನ ಚಾರ್ಡ್ ಎಂಬ ಊರಿನಲ್ಲಿ ಜಾನ್ ಸ್ಟ್ರಿಂಗ್‌ಫೆಲೊ ಉಗಿಯಂತ್ರದ ಪುಟ್ಟ ವಿಮಾನವನ್ನು ಪರೀಕ್ಷಿಸಿದ್ದ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೊ, ತಿರುಚಿದ ರಬ್ಬರ್ ಎಳೆಯ ಬಲದಿಂದ ಹಾರುವ ವಿಮಾನವನ್ನು ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ಜನರೆದುರು ಹಾರಿಸಿದ. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ಸಾಗಿತು. 1896ರ ಮೇ 6ರಂದು ಅಮೆರಿಕದ ವಿಜ್ಞಾನಿ ಸ್ಯಾಮುಯೆಲ್ ಲ್ಯಾಂಗ್ಲಿಯ ಉಗಿಚಾಲಿತ ಮಾದರಿ ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರ ಹಾರಿತು. ಅದೇ ಲ್ಯಾಂಗ್ಲಿ 1901ರ ಜೂನ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಮಾದರಿಯನ್ನೂ ಹಾರಿಸಿದ. ರೈಟ್ ಸಹೋದರರು ಗಾಳಿಗೇರಿದ್ದು ಅದಾದ ಎರಡೂವರೆ ವರ್ಷಗಳ ಬಳಿಕ.

ಇವೆಲ್ಲಕ್ಕೂ ಇದ್ದ ಒಂದು ಸಮಾನ ಗುಣ ಎಂದರೆ, ಬಿಟ್ಟ ಮೇಲೆ ತಡೆಯಲಾಗದು. ರಬ್ಬರ್‌ನ ತಿರುಚು ಬಿಚ್ಚಿಕೊಳ್ಳುವವರೆಗೆ, ಉಗಿ ತೀರುವವರೆಗೆ ಹಾರಬೇಕು, ಆಮೇಲೆ ಇಳಿಯಬೇಕು. ದೊಡ್ಡ ವಿಮಾನಗಳ ಕಥೆಯೂ ಭಿನ್ನವಾಗಿರಲಿಲ್ಲ. 1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ವಿಮಾನದ ಎಂಜಿನ್ನಿಗೆ ಇಂದಿನ ಅರ್ಥದ ಥ್ರಾಟಲ್ ಇರಲೇ ಇಲ್ಲ. ಹಾರಾಟದಲ್ಲಿ ಅದಕ್ಕೆ ಗೊತ್ತಿದ್ದದ್ದು ಒಂದೇ ವೇಗ. ಮೊದಲನೆಯ ಮಹಾಯುದ್ಧದಲ್ಲಿ ಬಳಕೆಯಾದ ನೋಮ್ ಕಂಪನಿಯ ಮೊನೊಸುಪಾಪ್ ಎಂಜಿನ್ನಿನಲ್ಲೂ ವೇಗವನ್ನು ನಯವಾಗಿ ಇಳಿಸುವ ಏರ್ಪಾಡು ಇರಲಿಲ್ಲ. ನೆಲಕ್ಕಿಳಿಯುವಾಗ ಪೈಲಟ್ ಒಂದು ಗುಂಡಿ ಒತ್ತಿ ಕಿಡಿಯನ್ನೇ ಕತ್ತರಿಸುತ್ತಿದ್ದ, ಬಿಡುತ್ತಿದ್ದ, ಮತ್ತೆ ಕತ್ತರಿಸುತ್ತಿದ್ದ. ವಿಮಾನ ಬಿಕ್ಕಳಿಸುತ್ತ ಇಳಿಯುತ್ತಿತ್ತು. ಈ ಎಂಜಿನ್‌ಗಳಿಗೆ ಕೀಲೆಣ್ಣೆಯಾಗಿ ಬಳಸುತ್ತಿದ್ದದ್ದು ನಮ್ಮ ಅಜ್ಜಿಯಂದಿರು ತಲೆಗೆ ತಟ್ಟುತ್ತಿದ್ದ ಹರಳೆಣ್ಣೆ. ಮಾದರಿ ವಿಮಾನಗಳ ಎಂಜಿನ್‌ಗಳಲ್ಲಿ ಆ ಹರಳೆಣ್ಣೆ ಇಂದಿಗೂ ಉಳಿದುಬಂದಿದೆ.

ಅಂದಹಾಗೆ, ಥ್ರಾಟಲ್ ಎಂಬ ಇಂಗ್ಲಿಷ್ ಪದದ ಮೂಲದಲ್ಲಿರುವುದು ಗಂಟಲು. ಎಂಜಿನ್ನಿನ ಗಂಟಲನ್ನು ಹಿಸುಕಿ, ಸಡಿಲಿಸಿ ಅದರ ಉಸಿರನ್ನು ಹತೋಟಿಯಲ್ಲಿಡುವ ಬಾಗಿಲು ಅದು. ಹಿಸುಕುವುದು ಸುಲಭ. ಹಿಸುಕಿದರೂ ಜೀವ ಉಳಿಯುವಂತೆ ನೋಡಿಕೊಳ್ಳುವುದೇ ಕಷ್ಟ.

ಕಿಡಿಯಿಂದ ಕೆಂಡಕ್ಕೆ

ಹವ್ಯಾಸಿಗಳ ಕೈಗೆ ನಿಜವಾದ ಪುಟ್ಟ ಪೆಟ್ರೋಲ್ ಎಂಜಿನ್ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ಬಿಲ್ ಬ್ರೌನ್ ಎಂಬ ತರುಣ ಸುಮಾರು 10 ಸಿಸಿ ಸಾಮರ್ಥ್ಯದ 'ಬ್ರೌನ್ ಜೂನಿಯರ್' ಎಂಜಿನ್ ರೂಪಿಸಿದ. ಆತನ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಎಂಜಿನ್ನಿನಿಂದ ರಬ್ಬರ್ ವಿಮಾನಗಳನ್ನೆಲ್ಲ ಹಿಂದಿಕ್ಕಿದ. ಮರುವರ್ಷ ಅವನ ವಿಮಾನವೊಂದು ಎರಡೂವರೆ ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಉಳಿಯಿತು. ಹಾರಿಸಿದವನಿಗೆ ಅದನ್ನು ಕೆಳಗಿಳಿಸುವ ದಾರಿ ಗೊತ್ತಿರಲಿಲ್ಲ. ಸ್ಪರ್ಧೆಯ ಸಂಘಟಕರು ಕಂಡುಕೊಂಡ ಪರಿಹಾರ ಸರಳವಾದದ್ದು: ವಿಮಾನಕ್ಕೆ ಹಾಕುವ ಇಂಧನವನ್ನು ಅಳೆದು ಕೊಡುವುದು. ಮುಂದೆ ಗಡಿಯಾರದಂಥ ಟೈಮರ್‌ಗಳು ಬಂದವು. ಇಷ್ಟು ಸೆಕೆಂಡು ಆದಮೇಲೆ ಎಂಜಿನ್ ಬಂದ್. ಥ್ರಾಟಲ್ ಇಲ್ಲದ ಕಾಲದ ಥ್ರಾಟಲ್ ಅದು!

ಆ ಎಂಜಿನ್‌ಗಳಲ್ಲಿ ಸ್ಕೂಟರ್‌ನಲ್ಲಿರುವಂತೆ ಸ್ಪಾರ್ಕ್ ಪ್ಲಗ್ ಇತ್ತು. ಅದಕ್ಕಾಗಿ ಬ್ಯಾಟರಿ, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ವಿಮಾನ ಹೊರಬೇಕಿತ್ತು. 1947ರಲ್ಲಿ ರೇ ಆರ್ಡನ್ ಎಂಬ ಅಮೆರಿಕನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದಾಗ ಈ ಹೊರೆಯೆಲ್ಲ ಒಂದೇ ಏಟಿಗೆ ಇಳಿಯಿತು.

ಗ್ಲೋ ಪ್ಲಗ್‌ನ ಒಳಗಿರುವುದು ಪ್ಲಾಟಿನಂ ಬೆರೆತ ಸಣ್ಣ ತಂತಿಸುರುಳಿ. ಆರಂಭದಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿ ತೆಗೆದುಬಿಡಬಹುದು. ಇಂಧನದಲ್ಲಿರುವ ಮೆಥನಾಲ್ ಆವಿ ಪ್ಲಾಟಿನಂ ಮೇಲ್ಮೈಯ ಮೇಲೆ ರಾಸಾಯನಿಕ ಕ್ರಿಯೆ ನಡೆಸಿ ಶಾಖ ಕೊಡುತ್ತದೆ. ಒಂದು ಸಲದ ದಹನದ ಕಾವು ಮುಂದಿನ ದಹನಕ್ಕೆ ಕೆಂಡವಾಗಿ ಉಳಿಯುತ್ತದೆ. ಹಿಂದೆ ಹಳ್ಳಿಮನೆಯ ಒಲೆಯಲ್ಲಿ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡದಿಂದ ಬೆಳಿಗ್ಗೆ ಬೆಂಕಿ ಹೊತ್ತಿಸುತ್ತಿರಲಿಲ್ಲವೆ? ತತ್ತ್ವ ಅದೇ. ವ್ಯತ್ಯಾಸವೆಂದರೆ ಇಲ್ಲಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಈ ಒಲೆ ಹೊತ್ತಬೇಕು.

ಆದರೆ ಈ ವರದಲ್ಲಿ ಒಂದು ಶಾಪವೂ ಅಡಗಿತ್ತು. ಕಿಡಿಯ ಎಂಜಿನ್ನಿನಲ್ಲಿ ಕಿಡಿ ಹಾರುವ ಸಮಯವನ್ನು ಹಿಂದೆ ಮುಂದೆ ಮಾಡಿ ವೇಗವನ್ನು ಒಂದಿಷ್ಟು ಬದಲಾಯಿಸಬಹುದಿತ್ತು. ಕೆಂಡಕ್ಕೆ ಸಮಯ ಹೇಳುವವರಾರು? ತೂಕ ಇಳಿಸಿದ ಗ್ಲೋ ಪ್ಲಗ್, ವೇಗ ಇಳಿಸಲು ಇದ್ದ ಒಂದೇ ದಾರಿಯನ್ನೂ ಕಿತ್ತುಕೊಂಡಿತು. ಅಷ್ಟೇ ಅಲ್ಲ, ಎಂಜಿನ್ ನಿಧಾನವಾದರೆ ಒಳಗೆ ಹೋಗುವ ಇಂಧನ ಕಡಿಮೆ, ಹುಟ್ಟುವ ಶಾಖ ಕಡಿಮೆ, ಕೆಂಡ ಆರುವ ಭಯ ಹೆಚ್ಚು. ಮಾದರಿ ಎಂಜಿನ್‌ಗಳ ಥ್ರಾಟಲ್ ತೊಂದರೆಗಳಲ್ಲಿ ಬಹುಪಾಲಿನ ಬೇರು ಇಲ್ಲಿದೆ.

ಹಾಲಿವುಡ್ ನಟನ ಕಾರ್ಖಾನೆ

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ರೇಡಿಯೊ ನಿಯಂತ್ರಣ ಬೆಳೆಯುತ್ತಿತ್ತು. ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1930ರ ದಶಕದ ಕೊನೆಯಲ್ಲಿ 'ಗಫ್' ಎಂಬ ರೇಡಿಯೊ ನಿಯಂತ್ರಿತ ವಿಮಾನವನ್ನು ಹಾರಿಸಿ ಹೆಸರಾದರು. ಆ ವಿಮಾನ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಹಾಲಿವುಡ್‌ನ ಚಿತ್ರನಟ ರೆಜಿನಾಲ್ಡ್ ಡೆನ್ನಿಗೆ ಮಾದರಿ ವಿಮಾನಗಳ ಹುಚ್ಚು. ಅದರ ಅಂಗಡಿಯನ್ನೇ ತೆರೆದಿದ್ದ. ವಿಮಾನ ನಿರೋಧಕ ತುಪಾಕಿ ಹಾರಿಸುವವರ ಅಭ್ಯಾಸಕ್ಕೆ ರೇಡಿಯೊ ನಿಯಂತ್ರಿತ ಗುರಿವಿಮಾನ ಒದಗಿಸಬಹುದೆಂಬ ಅವನ ಕನಸನ್ನು ಅಮೆರಿಕದ ಸೈನ್ಯ ಒಪ್ಪಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನ ರೇಡಿಯೊಪ್ಲೇನ್ ಕಂಪನಿಯಿಂದ ಸುಮಾರು 15,000 ಗುರಿವಿಮಾನಗಳು ಹೊರಬಂದವು. ಕೆಲಸ ಮುಗಿದ ಮೇಲೆ ಅವು ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತಿದ್ದವು. 1945ರಲ್ಲಿ ಆ ಕಾರ್ಖಾನೆಯ ಚಿತ್ರ ತೆಗೆಯಲು ಬಂದ ಸೇನಾ ಛಾಯಾಗ್ರಾಹಕ ಡೇವಿಡ್ ಕಾನೊವರ್‌ನ ಕಣ್ಣಿಗೆ, ಪ್ರೊಪೆಲರ್ ಕೈಯಲ್ಲಿ ಹಿಡಿದ ಕೆಲಸಗಾರ್ತಿಯೊಬ್ಬಳು ಬಿದ್ದಳು. ನಾರ್ಮಾ ಜೀನ್ ಎಂಬ ಆ ಹುಡುಗಿಯೇ ಮುಂದೆ ಮರ್ಲಿನ್ ಮನ್ರೋ ಆದಳು.

ಗುರಿವಿಮಾನಗಳ ಈ ಪರಂಪರೆಗೆ ಬೆಂಗಳೂರಿನ ಕೊಂಡಿಯೂ ಇದೆ. ನಮ್ಮ ಸೇನಾಪಡೆಗಳು ಬಳಸಿದ 'ಲಕ್ಷ್ಯ' ಎಂಬ ಚಾಲಕರಹಿತ ಗುರಿವಿಮಾನವನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ ಎಂಬ ರಕ್ಷಣಾ ಪ್ರಯೋಗಾಲಯ. ಅದಕ್ಕೆ ಪುಟ್ಟ ಜೆಟ್ ಎಂಜಿನ್ ಮಾಡಿಕೊಟ್ಟದ್ದು ಎಚ್‌ಎಎಲ್.

ನಿಧಾನಕ್ಕೆ ಬಹುಮಾನ

ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈಗೆ ರೇಡಿಯೊ ಬಂತು. ಆದರೆ ಅದು ಒಂದೇ ಗುಂಡಿಯ ರೇಡಿಯೊ. ಒತ್ತಿದರೆ ಬಾಲದ ಚುಕ್ಕಾಣಿ ಎಡಕ್ಕೆ, ಮತ್ತೊಮ್ಮೆ ಒತ್ತಿದರೆ ಬಲಕ್ಕೆ. ಅದನ್ನು ತಿರುಗಿಸುವ ಬಲ ಬರುತ್ತಿದ್ದದ್ದು ಸುತ್ತಿಟ್ಟ ರಬ್ಬರ್ ಎಳೆಯಿಂದ. ಎಂಜಿನ್ ಮಾತ್ರ ತನ್ನ ಪಾಡಿಗೆ ತಾನು ಪೂರ್ಣ ವೇಗದಲ್ಲಿ ಅರಚುತ್ತಿತ್ತು. ಇಂಧನ ಮುಗಿದ ಮೇಲೆ ತೇಲಿಸಿ ಇಳಿಸಬೇಕು. ಇಳಿಯುವಾಗ ಅಂದಾಜು ತಪ್ಪಿದರೆ ಮತ್ತೆ ಮೇಲೇರುವ ಅವಕಾಶ ಇಲ್ಲ. ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನ ಬೇಲಿಯಲ್ಲೋ ಮರದಲ್ಲೋ ಚೂರಾಗುತ್ತಿತ್ತು.

ರೇಡಿಯೊ ಬೇಡವೆಂದವರು ತಂತಿ ಹಿಡಿದರು. ಅಮೆರಿಕದ ಪೋರ್ಟ್‌ಲೆಂಡ್‌ನ ಜಿಮ್ ವಾಕರ್ ಜನಪ್ರಿಯಗೊಳಿಸಿದ ಈ ಪದ್ಧತಿಯಲ್ಲಿ ಹಾರಿಸುವವನು ನಡುವೆ ನಿಂತು ಎರಡು ತಂತಿಗಳಿಂದ ವಿಮಾನವನ್ನು ತನ್ನ ಸುತ್ತ ಗಿರಗಿರನೆ ಸುತ್ತಿಸುತ್ತಾನೆ. ನಮ್ಮ ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಕಲಿತು ಬಂದದ್ದೂ ಇದೇ ವಿದ್ಯೆಯನ್ನು. ಈ ತಂತಿ ವಿಮಾನಗಳಲ್ಲಿ ಥ್ರಾಟಲ್‌ಗಾಗಿ ಮೂರನೆಯ ತಂತಿ ಕಟ್ಟಿದವರೂ ಇದ್ದರು. ಅಮೆರಿಕದಲ್ಲಿ ನೌಕಾಪಡೆಯ ವಿಮಾನವಾಹಕ ಹಡಗನ್ನು ಅನುಕರಿಸುವ ಸ್ಪರ್ಧೆಯೊಂದು ಹುಟ್ಟಿಕೊಂಡಿತು. ಅದರಲ್ಲಿ ಎಷ್ಟು ವೇಗವಾಗಿ ಹಾರಿದಿರಿ ಎಂಬುದಕ್ಕೆ ಮಾತ್ರವಲ್ಲ, ಎಷ್ಟು ನಿಧಾನವಾಗಿ ಹಾರಿದಿರಿ ಎಂಬುದಕ್ಕೂ ಅಂಕ. ಕೊನೆಗೆ ಹಡಗಿನ ಅಟ್ಟಣೆಯಂಥ ಹಲಗೆಯ ಮೇಲೆ ಕೊಕ್ಕೆ ಸಿಗಿಸಿ ಇಳಿಸಬೇಕು. ನಿಧಾನಕ್ಕೂ ಬಹುಮಾನವುಂಟು ಎಂದು ಮಾದರಿ ವಿಮಾನದ ಲೋಕ ಒಪ್ಪಿಕೊಂಡ ಗಳಿಗೆ ಅದು.

1950ರ ದಶಕದಲ್ಲಿ ಥ್ರಾಟಲ್‌ಗಾಗಿ ಬಗೆಬಗೆಯ ಪ್ರಯೋಗಗಳು ನಡೆದವು. ಗಾಳಿಯ ದಾರಿಗೆ ಮುಚ್ಚಳ ಹಾಕಿ ನೋಡಿದರು. ಇಂಧನಕ್ಕೆ ಎರಡು ದಾರಿ ಮಾಡಿ, ಒಂದನ್ನು ಮುಚ್ಚಿ ಎರಡು ವೇಗ ಪಡೆದರು. ಹೊಗೆ ಹೊರಹೋಗುವ ಕಿಂಡಿಗೇ ಕವಾಟ ಇಟ್ಟರು. ಈ ಕೊನೆಯದು ಜಾಣತನದ ಉಪಾಯ. ನಿಧಾನಗತಿಯಲ್ಲಿ ಬಿಸಿ ಅನಿಲವನ್ನು ಒಳಗೇ ಹಿಡಿದಿಟ್ಟರೆ ಪ್ಲಗ್‌ನ ಕೆಂಡ ಆರುವುದಿಲ್ಲವಷ್ಟೆ. ಅಂತಿಮವಾಗಿ ಗೆದ್ದು ನಿಂತದ್ದು ಬ್ಯಾರಲ್ ಥ್ರಾಟಲ್. ಕಾರ್ಬುರೇಟರ್‌ನ ಗಂಟಲಿಗೆ ಅಡ್ಡಲಾಗಿ, ರಂಧ್ರ ಕೊರೆದ ಒಂದು ಉರುಳೆ. ಉರುಳೆ ತಿರುಗಿದಂತೆ ರಂಧ್ರ ಗಂಟಲಿಗೆ ನೇರವಾಗುತ್ತದೆ, ಇಲ್ಲವೇ ಓರೆಯಾಗಿ ದಾರಿಯನ್ನು ಕಿರಿದು ಮಾಡುತ್ತದೆ. ನಲ್ಲಿಯ ತತ್ತ್ವವೇ.

1960ರ ದಶಕದಲ್ಲಿ ಪ್ರಪೋರ್ಷನಲ್ ರೇಡಿಯೊ ಬಂದು ಈ ಉರುಳೆಗೆ ತಕ್ಕ ಜೊತೆಗಾರ ಸಿಕ್ಕಿತು. ಕಡ್ಡಿಯನ್ನು ಎಷ್ಟು ಸರಿಸಿದರೆ ವಿಮಾನದೊಳಗಿನ ಸರ್ವೊ ಮೋಟಾರು ಅಷ್ಟೇ ತಿರುಗುತ್ತದೆ. ಉಳಿದ ಕಡ್ಡಿಗಳು ಕೈಬಿಟ್ಟರೆ ನಡುವಿಗೆ ಮರಳುತ್ತವೆ. ಥ್ರಾಟಲ್ ಮಾತ್ರ ಇಟ್ಟಲ್ಲಿಯೇ ನಿಲ್ಲುತ್ತದೆ. 1936ರಲ್ಲಿ ಜಪಾನಿನ ಒಸಾಕಾದಲ್ಲಿ ಶಿಗೆಯೊ ಒಗಾವಾ ಆರಂಭಿಸಿದ ಓ.ಎಸ್. ಕಂಪನಿ 1976ರಲ್ಲಿ ನಾಲ್ಕು ಸ್ಟ್ರೋಕ್‌ನ ಮಾದರಿ ಎಂಜಿನ್ನನ್ನೂ ಮಾರುಕಟ್ಟೆಗೆ ತಂದಿತು. ಮೆತ್ತಗಿನ ಸದ್ದು, ಸ್ಥಿರವಾದ ನಿಧಾನಗತಿ ಅದರ ಗುಣ.

ರೋಗ ಪತ್ತೆ

ಇಷ್ಟೆಲ್ಲ ಆದರೂ ಬಯಲಿಗೆ ಹೋದರೆ ಥ್ರಾಟಲ್ ತಕರಾರು ಇದ್ದದ್ದೇ. ಏಕೆ? ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಮೆಥನಾಲ್‌ಗೆ ಆರೂವರೆ ಗ್ರಾಂ ಸಾಕು. ಎಂದರೆ ಅದೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಇಂಧನ ಹರಿಯಬೇಕು. ಅಷ್ಟು ಹರಿವನ್ನು ಕೂದಲೆಳೆಯಷ್ಟು ಸಂದಿಯಲ್ಲಿ, ಎಲ್ಲ ವೇಗಗಳಲ್ಲೂ ಸರಿಯಾಗಿ ಅಳೆಯಬೇಕು. ಥ್ರಾಟಲ್ ಮುಚ್ಚಿದಾಗ ಗಾಳಿಯ ದಾರಿ ಕಿರಿದಾಗುತ್ತದೆ. ಆದರೆ ಎಂಜಿನ್ನಿನ ಹೀರುವ ಬಲ ಇಂಧನದ ಬಾಯಿಯ ಮೇಲೆ ಜೋರಾಗಿಯೇ ಇರುತ್ತದೆ. ಹೀಗಾಗಿ ತಡೆ ಇಲ್ಲದಿದ್ದರೆ ಗಾಳಿಗಿಂತ ಇಂಧನವೇ ಹೆಚ್ಚಾಗಿ ಒಳನುಗ್ಗುತ್ತದೆ.

ಇದನ್ನು ಸರಿಪಡಿಸಲೆಂದೇ ಕಾರ್ಬುರೇಟರ್‌ನಲ್ಲಿ ಎರಡು ಹೊಂದಾಣಿಕೆಗಳಿವೆ. ಮುಖ್ಯ ನೀಡಲ್ ಪೂರ್ಣ ವೇಗದ ಇಂಧನವನ್ನು ನಿರ್ಧರಿಸುತ್ತದೆ. ನಿಧಾನಗತಿಗೆ ಇನ್ನೊಂದು ಸ್ಕ್ರೂ. ಈ ಎರಡನೆಯದರಲ್ಲಿ ಎರಡು ಜಾತಿ. ಕೆಲವು ಎಂಜಿನ್‌ಗಳಲ್ಲಿ ಅದು ಇಂಧನವನ್ನೇ ತಡೆಯುವ ನೀಡಲ್: ಒಳಗೆ ಬಿಗಿದರೆ ಇಂಧನ ಕಡಿಮೆ. ಇನ್ನು ಕೆಲವಲ್ಲಿ ಗಾಳಿ ಬಿಡುವ ರಂಧ್ರದ ಸ್ಕ್ರೂ: ಅದನ್ನು ಹೊರಕ್ಕೆ ಬಿಚ್ಚಿದರೆ ಗಾಳಿ ಹೆಚ್ಚಿ, ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆ. ತನ್ನ ಎಂಜಿನ್ ಯಾವ ಜಾತಿ ಎಂದು ತಿಳಿಯದೆ ತಿರುಗಿಸಿದವನು ಕಾಯಿಲೆಯನ್ನು ಹೆಚ್ಚಿಸಿಕೊಳ್ಳುತ್ತಾನೆ.

ಅನುಭವಸ್ಥರು ಅನುಸರಿಸುವ ಕ್ರಮ ಹಳ್ಳಿಯ ನಾಟಿ ವೈದ್ಯರ ಕ್ರಮದಂತೆ, ಸುಲಭವಾದದ್ದರಿಂದ ಆರಂಭ. ಮೊದಲು ಪ್ಲಗ್. ಬ್ಯಾಟರಿ ತೆಗೆದೊಡನೆ ಎಂಜಿನ್ ಸೊರಗಿದರೆ ಪ್ಲಗ್‌ನ ಮೇಲೆ ಸಂಶಯ. ಆಮೇಲೆ ಇಂಧನ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯ ಇಂಧನ ನಂಬಿಕೆಗೆ ಯೋಗ್ಯವಲ್ಲ. ಮೂರನೆಯದು ಟ್ಯಾಂಕ್. ಅದರ ಮಧ್ಯರೇಖೆ ನೀಡಲ್‌ನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ಮೇಲಿದ್ದರೆ ಇಂಧನ ತಾನಾಗಿ ಸುರಿಯುತ್ತದೆ, ತೀರಾ ಕೆಳಗಿದ್ದರೆ ಎಂಜಿನ್ ಹೀರಲಾರದು. ಟ್ಯಾಂಕಿನ ಸುತ್ತ ಸ್ಪಂಜು ಸುತ್ತದಿದ್ದರೆ ನಡುಕಕ್ಕೆ ಇಂಧನ ನೊರೆಯಾಗುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿಗುಳ್ಳೆಗಳು ಸೇರುತ್ತವೆ. ನಿಧಾನಗತಿ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ, ಎಷ್ಟು ಹೊಂದಿಸಿದರೂ ಹತೋಟಿಗೆ ಬಾರದಿದ್ದರೆ, ಕಾರ್ಬುರೇಟರ್‌ನ ಬುಡದ ರಬ್ಬರ್ ಉಂಗುರ ಅಥವಾ ಎಂಜಿನ್ನಿನ ಹಿಂಬದಿಯ ಗ್ಯಾಸ್ಕೆಟ್ ಗಾಳಿ ಬಿಡುತ್ತಿರಬಹುದು. ತಿಂಗಳುಗಟ್ಟಲೆ ಮೂಲೆಗಿಟ್ಟ ಎಂಜಿನ್ನಿನಲ್ಲಿ ಹರಳೆಣ್ಣೆ ಅಂಟಾಗಿ ಉರುಳೆಯನ್ನೇ ಹಿಡಿದುಬಿಡುವುದೂ ಉಂಟು. ಸರ್ವೊದಿಂದ ಬರುವ ಕಡ್ಡಿ ಉರುಳೆಯನ್ನು ಪೂರ್ತಿ ತೆರೆಯುತ್ತಿದೆಯೆ, ಪೂರ್ತಿ ಮುಚ್ಚುತ್ತಿದೆಯೆ ಎಂದು ಕಣ್ಣಾರೆ ನೋಡಬೇಕು.

ಇಷ್ಟಾದ ಮೇಲೆಯೇ ಸ್ಕ್ರೂಗಳಿಗೆ ಕೈ ಹಚ್ಚುವುದು. ಎಂಜಿನ್ ಬಿಸಿಯಾದ ಮೇಲೆ, ಮೊದಲು ಪೂರ್ಣ ವೇಗ. ಮುಖ್ಯ ನೀಡಲ್ ಬಿಗಿಯುತ್ತ ಹೋದರೆ ಸದ್ದು ತೀಕ್ಷ್ಣವಾಗಿ ವೇಗ ತುತ್ತತುದಿ ಮುಟ್ಟುತ್ತದೆ. ಅಲ್ಲಿಂದ ತುಸು ಹಿಂದಕ್ಕೆ ಬಿಚ್ಚಿ ವೇಗ ಕೊಂಚ ಇಳಿಯುವಂತೆ ಮಾಡಬೇಕು. ಆಸೆಗೆ ಬಿದ್ದು ತುದಿಯಲ್ಲೇ ಬಿಟ್ಟರೆ ಎಂಜಿನ್ ಬಿಸಿಯೇರಿ ಹಾಳಾಗುತ್ತದೆ. ಇಂಧನದ ಜೊತೆಗೇ ಕೀಲೆಣ್ಣೆ ಬರುವುದರಿಂದ ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಲೂನಾ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಳಿಕ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ನೋಡಬೇಕು. ಎಂಜಿನ್ ಸೊರಗಿದರೆ ಇಂಧನ ಸಾಲದು ಎಂದರ್ಥ. ಹಾರಿದ ಮೇಲೆ ಮೂತಿ ಎತ್ತಿದಾಗ ಅದೇ ಆಗುತ್ತದೆ, ಆಗ ಕೈಗೆ ಸಿಗುವುದಿಲ್ಲ.

ಕೊನೆಗೆ ನಿಧಾನಗತಿ. ಕೆಲವು ಕ್ಷಣ ನಿಧಾನವಾಗಿ ಓಡಲು ಬಿಟ್ಟು ಕೊಳವೆ ಚಿವುಟಬೇಕು. ತಕ್ಷಣ ನಿಂತರೆ ಇಂಧನದ ಬರ. ವೇಗ ಚೆನ್ನಾಗಿ ಏರಿ, ಬಹಳ ಹೊತ್ತು ಓಡಿ ನಿಂತರೆ ಅತಿವೃಷ್ಟಿ. ವೇಗ ತುಸುವೇ ಏರಿ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಮಿಶ್ರಣ ಸರಿಯಾಗಿದೆ. ಥ್ರಾಟಲ್ ತೆರೆದಾಗ ಬರುವ ಸದ್ದೂ ಇದನ್ನೇ ಹೇಳುತ್ತದೆ. ಗುಳುಗುಳು ಎಂದು ಹೊಗೆ ಉಗುಳಿ ತಡವರಿಸಿದರೆ ಎಂಜಿನ್ನಿನ ಹೊಟ್ಟೆಯಲ್ಲಿ ಇಂಧನ ಮಡುಗಟ್ಟಿದೆ. ಯಾರೋ ಸ್ವಿಚ್ ಆರಿಸಿದಂತೆ ಫಕ್ಕನೆ ನಿಂತರೆ ಇಂಧನ ಸಾಲದು. ಪ್ರತಿ ಸಲವೂ ಎಂಟನೆಯ ಒಂದು ಸುತ್ತು ಮಾತ್ರ ತಿರುಗಿಸಿ, ಕಾದು, ಮತ್ತೆ ಪರೀಕ್ಷೆ. ಬಯಲಿನ ಆ ಹುಡುಗನ ಎಂಜಿನ್ನಿಗೆ ಆಗಿದ್ದದ್ದು ಅಜೀರ್ಣ ಎಂದು ಓದುಗರು ಈಗಾಗಲೇ ಊಹಿಸಿರಬಹುದು.

ಇದು ಆಟವೇನೋ ಹೌದು, ಹುಡುಗಾಟವಲ್ಲ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಪ್ರೊಪೆಲರ್ ಬೆರಳನ್ನು ತುಂಡರಿಸಬಲ್ಲದು. ಹೊಂದಾಣಿಕೆ ಮಾಡುವಾಗ ಅದರ ಹಿಂದೆಯೇ ಇರಬೇಕು, ಎದುರಿಗೋ ಪಕ್ಕದಲ್ಲೋ ಯಾರೂ ನಿಲ್ಲಬಾರದು. ಮೆಥನಾಲ್‌ನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ವಿಷವೂ ಹೌದು. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಬಡವರ ಜೀವ ತೆಗೆದ ಕಳ್ಳಭಟ್ಟಿಯಲ್ಲಿದ್ದದ್ದು ಇದೇ ಮೀಥೈಲ್ ಆಲ್ಕೋಹಾಲ್. ಮಕ್ಕಳ ಕೈಗೆ ಸಿಗುವಂತೆ ಇಡುವ ವಸ್ತು ಅಲ್ಲ.

ಅಟ್ಲಾಂಟಿಕ್ ದಾಟಿದ 10 ಸಿಸಿ

ಎಂಜಿನ್ನಿಗೆ ಅಳೆದು ಬಡಿಸುವ ಈ ವಿದ್ಯೆ ಎಲ್ಲಿಯವರೆಗೆ ಹೋಗಬಲ್ಲದು? ಅದಕ್ಕೊಂದು ಉತ್ತರ 2003ರ ಆಗಸ್ಟ್‌ನಲ್ಲಿ ಸಿಕ್ಕಿತು.

ಅಮೆರಿಕದ ಮೇನಾರ್ಡ್ ಹಿಲ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಲೋಹಶಾಸ್ತ್ರಜ್ಞ. ಮಾದರಿ ವಿಮಾನದಲ್ಲಿ ಅನೇಕ ವಿಶ್ವದಾಖಲೆಗಳ ಒಡೆಯ. ಮಾದರಿ ವಿಮಾನವೊಂದನ್ನು ಅಟ್ಲಾಂಟಿಕ್ ಸಾಗರದಾಚೆಗೆ ಹಾರಿಸಬೇಕೆಂಬುದು ಅವರ ಹಂಬಲ. ಅಂತರರಾಷ್ಟ್ರೀಯ ನಿಯಮದಂತೆ ಇಂಧನವೂ ಸೇರಿ ತೂಕ 5 ಕಿಲೋ ಮೀರುವಂತಿಲ್ಲ. ಎಂಜಿನ್ 10 ಸಿಸಿಯದು. ಹಿಲ್ ಓ.ಎಸ್. ಕಂಪನಿಯ ನಾಲ್ಕು ಸ್ಟ್ರೋಕ್ ಎಂಜಿನ್ನನ್ನು ಬಿಚ್ಚಿ, ಗ್ಲೋ ಪ್ಲಗ್ ತೆಗೆದು ಮತ್ತೆ ಕಿಡಿಯ ಏರ್ಪಾಡು ಅಳವಡಿಸಿದರು. ಮೆಥನಾಲ್ ಬದಲು ಶಿಬಿರದ ಲಾಟೀನಿಗೆ ಹಾಕುವ ಪೆಟ್ರೋಲ್ ಜಾತಿಯ ಇಂಧನ ಆರಿಸಿದರು. ಹೆಚ್ಚು ದೂರ ಹೋಗಬೇಕಾದರೆ ಹೆಚ್ಚು ಬೇಡುವ ಮೆಥನಾಲ್ ಕೆಲಸಕ್ಕೆ ಬಾರದು. ಇಂಧನ ಹನಿ ಹನಿಯಾಗಿ ಮಾತ್ರ ಹೋಗಬೇಕು, ಎಂಜಿನ್ ಒಂದೂವರೆ ದಿನ ನಿಲ್ಲದೆ ಓಡಬೇಕು.

2002ರಲ್ಲಿ ನಡೆಸಿದ ಯತ್ನಗಳಲ್ಲಿ ವಿಮಾನಗಳು ಸಮುದ್ರ ಪಾಲಾದವು. ಹಿಲ್ ಮತ್ತೆ ಕಟ್ಟಿದರು. 2003ರ ಆಗಸ್ಟ್ 9ರ ಸಂಜೆ ಕೆನಡಾದ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರ್‌ನಿಂದ ಐದನೆಯ ವಿಮಾನವನ್ನು ಕೈಯಿಂದಲೇ ಎಸೆದು ಹಾರಿಬಿಟ್ಟರು. ನೆಲದ ಹತ್ತಿರ ರೇಡಿಯೊ, ಸಾಗರದ ಮೇಲೆ ಉಪಗ್ರಹದ ನೆರವಿನ ಸ್ವಯಂಚಾಲಕ. 38 ಗಂಟೆ 52 ನಿಮಿಷಗಳ ಬಳಿಕ, ಸುಮಾರು 3,030 ಕಿಲೋಮೀಟರ್ ಕ್ರಮಿಸಿ ಅದು ಐರ್ಲೆಂಡಿನ ಕ್ಲಿಫ್ಡನ್ ಸಮೀಪದ ಕಡಲತೀರದಲ್ಲಿ ಇಳಿಯಿತು. ಬಳಸಿದ ಇಂಧನ ನಾಲ್ಕು ಲೀಟರಿಗೂ ಕಡಿಮೆ. 1919ರಲ್ಲಿ ಅಟ್ಲಾಂಟಿಕ್ಕನ್ನು ಮೊದಲ ಬಾರಿಗೆ ಎಲ್ಲೂ ನಿಲ್ಲದೆ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಇಳಿದದ್ದೂ ಅದೇ ಕ್ಲಿಫ್ಡನ್ ಬಳಿ.

ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಎಂಜಿನ್ನಿಗೆ ಉಸಿರು ಅಳೆದು ಕೊಟ್ಟ ಆ ಹಿರಿಯರು 2011ರಲ್ಲಿ ತೀರಿಕೊಂಡರು.

ಸದ್ದು ಅಡಗಿದ ಮೇಲೆ

ಈಗ ಕಾಲ ಬದಲಾಗಿದೆ. ಲಿಥಿಯಂ ಬ್ಯಾಟರಿ ಮತ್ತು ಬ್ರಶ್‌ಲೆಸ್ ಮೋಟಾರುಗಳು ಬಂದ ಮೇಲೆ ಹೆಚ್ಚಿನ ಮಾದರಿ ವಿಮಾನಗಳು ವಿದ್ಯುತ್ತಿನಲ್ಲಿ ಹಾರುತ್ತವೆ. ನೀಡಲ್ ಇಲ್ಲ, ಪ್ಲಗ್ ಇಲ್ಲ, ಕೈಗೆ ಹರಳೆಣ್ಣೆಯ ಜಿಡ್ಡಿಲ್ಲ. ಶೂನ್ಯದಿಂದ ಪೂರ್ಣದವರೆಗೆ ಯಾವ ವೇಗ ಬೇಕಾದರೂ ಕೇಳಿದ ಕ್ಷಣ ಸಿಗುತ್ತದೆ. ಮದುವೆ ಮನೆಯಲ್ಲಿ ಡ್ರೋನ್ ಹಾರಿಸುವ ಹುಡುಗನ ಕೈಯಲ್ಲೂ ಅದೇ ಕಡ್ಡಿ ಇದೆ, ಅದಕ್ಕೆ ಥ್ರಾಟಲ್ ಎಂಬ ಅದೇ ಹೆಸರಿದೆ. ಗಂಟಲೇ ಇಲ್ಲದ ಯಂತ್ರಕ್ಕೆ ಗಂಟಲಿನ ಹೆಸರು! 2021ರ ಡ್ರೋನ್ ನಿಯಮಗಳು ಬಂದ ಮೇಲೆ ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಊರು ಬೆಳೆದಂತೆ ಬಯಲುಗಳೂ ಕರಗುತ್ತಿವೆ.

ಸೌಲಭ್ಯ ಹೆಚ್ಚಿತು ಎಂಬುದರಲ್ಲಿ ಅನುಮಾನವಿಲ್ಲ. ಕಳೆದುಹೋಗುತ್ತಿರುವುದು ಸದ್ದು ಕೇಳಿ ಕಾಯಿಲೆ ಹೇಳುವ ಕಿವಿ. ವಿದ್ಯುತ್ ಮೋಟಾರು ಕೆಟ್ಟರೆ ಬಿಸಾಡಿ ಹೊಸದು ಹಾಕಿಕೊಳ್ಳುತ್ತೇವೆ. ಪುಟ್ಟ ಎಂಜಿನ್ ಹಾಗಲ್ಲ. ಏನು ಬೇಕು, ಏನು ಬೇಡ ಎಂದು ಅದು ಹೇಳುತ್ತಲೇ ಇರುತ್ತದೆ. ಗಾಳಿ, ಇಂಧನ, ಶಾಖ ಎಂಬ ಮೂರರ ಲೆಕ್ಕವನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅದು ಹುಡುಗರಿಗೆ ಕಲಿಸಿತ್ತು.

ಆ ಭಾನುವಾರ ಆ ಹುಡುಗ ಇನ್ನೆರಡು ಸಲ ಕೊಳವೆ ಚಿವುಟಿ ನೋಡಿದ, ಸ್ಕ್ರೂವನ್ನು ಇನ್ನೊಂದಿಷ್ಟು ತಿರುಗಿಸಿದ. ಈ ಬಾರಿ ಥ್ರಾಟಲ್ ತೆರೆದಾಗ ಎಂಜಿನ್ ತಡವರಿಸಲಿಲ್ಲ. ವಿಮಾನ ಓಡಿ, ಮೇಲೆದ್ದು, ಬಯಲಿನ ಸುತ್ತ ಎರಡು ಸುತ್ತು ಹಾಕಿತು. ಇಳಿಸಲು ಬಂದಾಗ ಗಾಳಿ ತಳ್ಳಿ ದಾರಿ ತಪ್ಪಿತು. ಎದುರಿಗೆ ನೀಲಗಿರಿ ಮರಗಳ ಸಾಲು. ಹುಡುಗ ಕಡ್ಡಿ ಮುಂದಕ್ಕೆ ತಳ್ಳಿದ. ಗುಟುರು ಹಾಕುತ್ತಿದ್ದ ಎಂಜಿನ್ ಮರುಕ್ಷಣ ಅರಚಿತು, ವಿಮಾನ ಮರಗಳ ನೆತ್ತಿ ಸವರಿ ಮೇಲೇರಿತು. ಎರಡನೆಯ ಸಲ ನೆಲಕ್ಕೆ ಮೆಲ್ಲಗೆ ಇಳಿಯಿತು.

ಹಿರಿಯರು ಏನೂ ಹೇಳಲಿಲ್ಲ. ಕುರ್ಚಿಗೆ ಮರಳಿ ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿಕೊಂಡರು.